ಹನುಮಪ್ಪ ಹೂ ಕೊಡದ ಮೂರು ಶನಿವಾರ

ಸೆಪ್ಟೆಂಬರ್ 28, ಭಾನುವಾರ

ಬೆಳಿಗ್ಗೆ ಏಳರ ಬಸ್ಸಿಗೆ ಹಮೀದಾ ಪಾವಗಡಕ್ಕೆ ಹೋದಳು. ಮಗಳು ಜೈಬಾಗೆ ದಿನ ತುಂಬುತ್ತಿದೆ; ಮಂಚ ಬಿಟ್ಟು ಇಳಿಯಕೂಡದೆಂದು ಡಾಕ್ಟರು ಹೇಳಿದ್ದಾರಂತೆ. ಹೆರಿಗೆ ಮುಗಿಸಿ, ತಾಯಿ ಮಗುವನ್ನು ಒಂದು ಹದಕ್ಕೆ ತಂದು ಬರುವುದಕ್ಕೆ ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ಶಿರಾ ಬಸ್ ಸ್ಟ್ಯಾಂಡ್ ಪಕ್ಕದ ಅವಳ ಹೂವಿನಂಗಡಿ ನನ್ನ ಕೈಯಲ್ಲಿ.

ಅಂಗಡಿಯನ್ನು ಎದುರುಸಾಲಿನ ನದೀಮನಿಗೆ ಒಪ್ಪಿಸಿ ಹೋಗಬೇಕೆಂದು ಅವಳಿಗಿತ್ತು. ನದೀಮ ಅವಳ ಅಣ್ಣನ ಮಗ, ಅವನದೂ ಹೂವಿನ ವ್ಯಾಪಾರವೇ. ನನಗೆ ಸಿಟ್ಟು ಬಂತು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಪುಷ್ಪಪತ್ರ, ಪುಷ್ಪದಳ, ಕೇಸರ, ಶಲಾಕೆ ಎಂದು ಸಾವಿರಾರು ಮಕ್ಕಳ ಬಾಯಲ್ಲಿ ಹೇಳಿಸಿದವನಿಗೆ ಒಂದು ಮೊಳ ಹೂ ಅಳೆಯಲು ಬಾರದೇ ಎಂದು ಕೇಳಿದೆ.

“ಅಳೆಯೋದು ಯಾರಿಗಾದರೂ ಬರುತ್ತೆ ಜೀ. ಹೂ ಮಾರೋಕೆ ಕೈ ಬೇಕು, ಕಿವಿ ಬೇಕು. ಬಾಯಿ ಅಷ್ಟೊಂದು ಬೇಕಾಗಲ್ಲ,” ಎಂದಳು.

ಎರಡು ಕೆಲಸ ವಹಿಸಿದ್ದಾಳೆ. ಒಂದು, ಮೂವತ್ತೆರಡು ವರ್ತನೆ ಮನೆ; ಎಂದರೆ ದಿನಾ ಬೆಳಿಗ್ಗೆ ತಪ್ಪದೆ ಹೂ ಹಾಕಿ ಬರಬೇಕಾದ ಮನೆಗಳು. ಅವಳ ಅಮ್ಮ ಬಿಟ್ಟುಹೋದ ಆಸ್ತಿ ಅದು, ತಾನು ಬರುವಾಗ ಅಷ್ಟೂ ಇರಬೇಕಂತೆ. ಇನ್ನೊಂದು, ಪ್ರತಿ ಶುಕ್ರವಾರ ಸಂಜೆ ಕರೇಕಲ್ಲಹಳ್ಳಿಯ ಗುಡ್ಡದ ಹನುಮಪ್ಪನಿಗೆ ಒಂದು ಪುಟ್ಟಿ ಬಿಡಿಹೂ ಕಳಿಸಬೇಕು; ಅಮ್ಮನ ಕಾಲದಿಂದ ಆ ದೇವರಿಗೆ ಈ ಅಂಗಡಿಯ ಹೂವೇ ಆಗಬೇಕಂತೆ.

ಹೆಂಡತಿ ಹೂ ಮಾರುತ್ತಾಳೆಂದು ಸ್ಟಾಫ್ ರೂಮಿನಲ್ಲಿ ನಾನಾಗಿ ಎಂದೂ ಹೇಳಿದವನಲ್ಲ. ಇದನ್ನು ಇಲ್ಲಿ ಮಾತ್ರ ಬರೆದುಕೊಳ್ಳುತ್ತೇನೆ. ಆದರೆ ಈ ತಿಂಗಳು ವ್ಯರ್ಥವಾಗಬಾರದು. ‘ಜನಪ್ರಿಯ ಪುಷ್ಪಗಳು: ಚರಿತ್ರೆ ಮತ್ತು ಸಂಕೇತಾರ್ಥ’ ಎಂಬ ನನ್ನ ಪುಸ್ತಕ ಹನ್ನೊಂದು ವರ್ಷದಿಂದ ಮುನ್ನುಡಿಯಲ್ಲೇ ನಿಂತಿದೆ. ದಿನಾ ಮುಡಿಯುವ ಹೂವಿನ ವಿಚಾರ ನಮ್ಮ ಜನಕ್ಕೆ ಒಂದಕ್ಷರ ಗೊತ್ತಿಲ್ಲ. ಅಂಗಡಿ ಮುಂದೆ ಕರಿಹಲಗೆ ನಿಲ್ಲಿಸಿ ದಿನಕ್ಕೊಂದು ಹೂವಿನ ಇತಿಹಾಸ ಬರೆಯುತ್ತೇನೆ.

ಸೆಪ್ಟೆಂಬರ್ 29, ಸೋಮವಾರ

ಹಲಗೆ: ‘ಸೇವಂತಿಗೆ. ಮೂಲ ಚೀನಾ. ಜಪಾನಿನ ಅರಸುಮನೆತನದ ಲಾಂಛನ. ಯುರೋಪಿನ ಕೆಲವೆಡೆ ಗೋರಿಗೆ ಇಡುವ ಹೂ. ಅರ್ಥ: ದೀರ್ಘಾಯುಸ್ಸು; ಕೆಲವರಲ್ಲಿ ಮರಣ.’

ಊಹೆಗೂ ಮೀರಿದ ಜನ. ಹತ್ತು ಗಂಟೆಗೆ ಹೆಂಗಸರ ಸಾಲು ಬೀಡಾ ಅಂಗಡಿ ದಾಟಿತ್ತು. ಜ್ಞಾನದ ಹಸಿವು ನಮ್ಮ ಊರಿನಲ್ಲಿ ಇಷ್ಟಿದೆಯೆಂದು ತಿಳಿದಿರಲಿಲ್ಲ.

ರಾತ್ರಿ ಫೋನಿನಲ್ಲಿ ಹೇಳಿದರೆ ಹಮೀದಾ ಹೌಹಾರಿದಳು. “ನಿಮ್ಮ ಕೈ ಉದ್ದ ನೋಡಿಕೊಂಡಿದ್ದೀರಾ? ಮೊಣಕೈಯಿಂದ ಬೆರಳ ತುದಿಗೆ ನನ್ನದಕ್ಕಿಂತ ನಾಲ್ಕು ಬೆರಳು ಜಾಸ್ತಿ. ದೊಡ್ಡ ಮೊಳ ಸಿಗುತ್ತೆ ಅಂತ ಬಂದಿದ್ದಾರೆ. ನಾಳೆಯಿಂದ ಬೆರಳು ಮಡಚಿ ಅಳೆಯಿರಿ.”

ಈ ವಿವರಣೆಯನ್ನು ನಾನು ಒಪ್ಪುವುದಿಲ್ಲ.

ಸೆಪ್ಟೆಂಬರ್ 30, ಮಂಗಳವಾರ

ಬೆರಳು ಮಡಚಿ ಅಳೆದೆ. ಸಾಲು ಇರಲಿಲ್ಲ. ಕಾಕತಾಳೀಯ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಹಲಗೆ: ‘ಚೆಂಡುಹೂ. ಮೂಲ ಮೆಕ್ಸಿಕೋ. ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಅಲ್ಲಿ ಸತ್ತವರ ಹಬ್ಬದ ದಿನ ಮನೆಬಾಗಿಲಿಗೆ ಚೆಲ್ಲುತ್ತಾರೆ. ಅದರ ಜಾಡು ಹಿಡಿದು ಸತ್ತವರು ಬರುತ್ತಾರೆಂದು ನಂಬಿಕೆ.’

ಕರೇಕಲ್ಲಹಳ್ಳಿಯ ಬೈಲಪ್ಪ ಲಾರಿ ನಿಲ್ಲಿಸಿ ಬಂದ. ಆ ಹಳ್ಳಿಯ ಯಜಮಾನ, ಮಾತು ಗಡಸು. “ನಾಳಿಕ್ಕೆ ಗುಂಟೂರಿಗೆ ಲೋಡೈತೆ ಮೇಷ್ಟ್ರೇ. ಲಾರಿ ಮೂತಿ ಮುಚ್ಚಂಗೆ ಎರಡು ಹಾರ ಕೊಡಿ,” ಅಂದ. ಓದಲು ಬಾರದವನೆಂದು ನಾನೇ ಹಲಗೆ ಓದಿ ಹೇಳಿದೆ. ಹಾವು ಮುಟ್ಟಿದವನಂತೆ ಹಾರ ಕೈಬಿಟ್ಟ.

“ಲಾರಿ ದಾರಿಗೆ ಹೊಂಡೋ ಹೊತ್ನಾಗೆ ಬಾಯಾಗೆ ಬರೋ ಮಾತೇನ್ರೀ ಇದು? ಹಮೀದಮ್ಮ ಎಲ್ಲೋದ್ರು?”

ಸೀದಾ ನದೀಮನ ಅಂಗಡಿಗೆ ಹೋದ. ಅವನ ಹಿಂದೆ ಆರು ಆಟೋ, ಒಂದು ಟ್ರ್ಯಾಕ್ಟರು. ನದೀಮನ ಚೆಂಡುಹೂವೂ ಮೆಕ್ಸಿಕೋದ್ದೇ. ಅವನು ಅದನ್ನು ಹೇಳುವುದಿಲ್ಲ, ಅಷ್ಟೇ.

ಅಕ್ಟೋಬರ್ 3, ಶುಕ್ರವಾರ

ಇವತ್ತು ಮನಸ್ಸಿಗೆ ಸಮಾಧಾನವಾಯಿತು. ದಿನಾ ಬೆಳಿಗ್ಗೆ ನಮಗೆ ಸೇವಂತಿಗೆ ತಂದುಹಾಕುವುದು ಕರೇಕಲ್ಲಹಳ್ಳಿಯ ಮಹಾಲಕ್ಷ್ಮಮ್ಮ ಎಂಬ ವಿಧವೆ. ಸ್ಕೂಟಿಯಲ್ಲಿ ಹೊತ್ತು ತರುವವಳು ಅವಳ ಮಗಳು ಯಶೋಧರಾ. ನನ್ನದೇ ಶಿಷ್ಯೆ, ಬಿಎಸ್ಸಿ ಮುಗಿಸಿದ್ದಾಳೆ. ಹಲಗೆಯನ್ನು ಪೂರ್ತಿ ಓದಿದವಳು ಈವರೆಗೆ ಅವಳೊಬ್ಬಳೇ.

ಅವರ ಊರಿನ ಪದ್ಧತಿಯನ್ನು ಅವಳಿಂದ ಬರೆದುಕೊಂಡೆ, ಪುಸ್ತಕಕ್ಕೆ ಬೇಕಾಗುತ್ತದೆ. ಶನಿವಾರ ಹನುಮಪ್ಪನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಮನಸ್ಸಿನ ಮಾತು ಕೇಳುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ‘ಆಗಲಿ’, ಎಡಗಡೆಯದಾದರೆ ‘ಬೇಡ’. ಮಧ್ಯಾಹ್ನದ ಮಂಗಳಾರತಿಯಾದ ಮೇಲೆ ಆ ವಾರ ಕೇಳುವಂತಿಲ್ಲ. ನೀರು ಆರಿದಾಗ ಅಂಟು ಬಿಡುತ್ತದೆ, ಹೂ ಬೀಳುತ್ತದೆ. ಮಿಕ್ಕಿದ್ದು ಗುರುತ್ವಾಕರ್ಷಣೆ ಎಂದು ವಿವರಿಸಿದೆ.

ನಾಳೆ ಅವಳಮ್ಮನೇ ಕೇಳುತ್ತಾಳಂತೆ. ಪಾವಗಡದ ಹತ್ತಿರದ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಅಂಬರೀಶ್ ಎಂಬ ಹುಡುಗನಿಗೆ ಯಶೋಧರಾಳನ್ನು ಕೊಡಬಹುದೋ ಬೇಡವೋ ಎಂದು.

“ತುಮಕೂರಲ್ಲಿ ಎಂಎಸ್ಸಿ ಬಾಟನಿಗೆ ಅರ್ಜಿ ಹಾಕಿದೀನಿ ಸಾರ್. ಸೀಟಿನ ಪಟ್ಟಿ ಇಪ್ಪತ್ತೇಳಕ್ಕೆ ಬರುತ್ತೆ. ಆದ್ರೆ ಮದುವೆ ಆದ್ಮೇಲೆ ಓದು ಸಾಕು ಅಂತಾರೆ ಹುಡುಗನ ಅಮ್ಮ,” ಎಂದಳು. ಹುಡುಗ ಒಳ್ಳೆಯ ಕೆಲಸದಲ್ಲಿದ್ದಾನೆ, ಶುಭವಾಗಲಿ ಎಂದೆ.

ಸ್ಕೂಟಿಯ ಕಡೆ ಹೊರಟವಳು ತಿರುಗಿ ಬಂದು, “ಸಾರ್, ಕಿತ್ತ ಹೂ ಬಾಡದ ಹಾಗೆ ಸಕ್ಕರೆ ನೀರು ಹಾಕಬಹುದು ಅಂತ ಒಂಬತ್ತನೇ ಕ್ಲಾಸಲ್ಲಿ ಹೇಳಿದ್ರಲ್ಲ?” ಎಂದು ಕೇಳಿದಳು. ಎಂಟು ವರ್ಷ ನೆನಪಿಟ್ಟಿದ್ದಾಳೆ! ತಕ್ಷಣ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ಸಕ್ಕರೆ ಕರಗಿಸಿ ಎಲ್ಲ ಹೂವಿಗೂ ಸಿಂಪಡಿಸಿದೆ.

“ದೇವರ ಪುಟ್ಟಿಗೆ ಜಾಸ್ತಿನೇ ಹಾಕಿ ಸಾರ್,” ಎಂದಳು. ಓದಿದ ಹುಡುಗಿಯಲ್ಲಿ ಇಷ್ಟು ಭಕ್ತಿ ಕಂಡು ಆಶ್ಚರ್ಯವಾಯಿತು.

ಅಕ್ಟೋಬರ್ 5, ಭಾನುವಾರ

ಹನುಮಪ್ಪನ ಪೂಜಾರಿ ಚಿಕ್ಕಹನುಮಯ್ಯ ಪುಟ್ಟಿ ವಾಪಸು ತಂದ. ಮುಖ ಸಪ್ಪಗಿತ್ತು.

“ದ್ಯಾವ್ರು ಉಸ್ರೇ ಬುಡ್ಲಿಲ್ಲ ಮೇಷ್ಟ್ರೇ. ಒಂಬತ್ಗಂಟೆಗೆ ಇಕ್ಕಿದ ಹೂವು ಮಂಗಳಾರತಿ ತಂಕ ಬಲಕ್ಕೂ ಇಲ್ಲ ಎಡಕ್ಕೂ ಇಲ್ಲ. ಹಮೀದಮ್ಮ ಕೊಟ್ಟ ಹೂವು ಯಾವತ್ತೂ ಇಂಗೆ ಮಾಡಿದ್ದಿಲ್ಲ.”

ಹೂವು ತಾಜಾ ಇತ್ತೇ ಎಂದು ಕೇಳಿದೆ. ಈವತ್ತಿಗೂ ಬಾಡಿಲ್ಲ ಎಂದ. ಅಷ್ಟು ಸಾಕು.

ಯಶೋಧರಾಳ ಮದುವೆ ಮಾತು ಒಂದು ವಾರ ಮುಂದಕ್ಕೆ ಹೋಯಿತು. ಪಾಪದ ಹುಡುಗಿ, ದುಃಖ ತೋರಿಸಿಕೊಳ್ಳಬಾರದೆಂದು ನಗುನಗುತ್ತಲೇ ಸೇವಂತಿಗೆ ಇಳಿಸಿ ಹೋದಳು.

ಅಕ್ಟೋಬರ್ 8, ಬುಧವಾರ

ವರ್ತನೆ ಮನೆ ಇಪ್ಪತ್ತಾರಕ್ಕೆ ಇಳಿದಿದೆ. ತಲೆಯಲ್ಲಿ ಇರುವೆ ಹರಿಯುತ್ತವೆಂದು ನಾಲ್ಕು ಮನೆಯವರ ದೂರು. ಇಬ್ಬರಿಗೆ ಸುಗಂಧರಾಜದ ಪೂರ್ವೋತ್ತರ ಹೇಳುವಾಗ ಅವರ ಮಕ್ಕಳಿಗೆ ಶಾಲೆ ಬಸ್ಸು ತಪ್ಪಿತಂತೆ. ಈ ವರ್ಷ ಮಳೆ ಹೆಚ್ಚು, ಇರುವೆಯೂ ಹೆಚ್ಚಿರಬೇಕು.

ಅಕ್ಟೋಬರ್ 12, ಭಾನುವಾರ

ಎರಡನೇ ಶನಿವಾರವೂ ಹೂ ಬೀಳಲಿಲ್ಲ. ಕರೇಕಲ್ಲಹಳ್ಳಿಯಲ್ಲಿ ಎಲ್ಲವೂ ನಿಂತುಹೋಗಿದೆ ಎಂದ ಚಿಕ್ಕಹನುಮಯ್ಯ. ಒಬ್ಬ ಬೋರ್‌ವೆಲ್ ಲಾರಿ ಕರೆಸಿಕೊಂಡು ಜಾಗ ಕೇಳಲಾಗದೆ ಕೂತಿದ್ದಾನೆ. ಒಬ್ಬ ಹಸು ಮಾರಬೇಕೋ ಬೇಡವೋ ತಿಳಿಯದೆ ಅದನ್ನು ಸಂತೆಗೂ ಮನೆಗೂ ಓಡಾಡಿಸುತ್ತಿದ್ದಾನೆ.

“ದ್ಯಾವ್ರ ಮೈಮ್ಯಾಲೆ ಇರ್ವೆ ಹರೀತಾವೆ. ಒಳ್ಳೇದ್ಕೋ ಕೆಟ್ಟದ್ಕೋ ಒಂದೂ ತಿಳೀವಲ್ದು,” ಎಂದ.

ಪ್ರಕೃತಿ ಸಹಜ ಎಂದೆ.

ಅಕ್ಟೋಬರ್ 14, ಮಂಗಳವಾರ

ಜೈಬಾಗೆ ಹೆಣ್ಣುಮಗು! ಬೆಳಗಿನ ಜಾವ. ಇಬ್ಬರೂ ಆರಾಮ. ಐಮನ್ ಎಂದು ಹೆಸರಿಟ್ಟಿದ್ದಾರೆ. ಖುಷಿಯಲ್ಲಿ ಬಂದವರಿಗೆಲ್ಲ ಪೂರ್ತಿ ಉದ್ದದ ಮೊಳ ಅಳೆದು ಕೊಟ್ಟೆ. ಹಲಗೆ ಬರೆಯುವುದು ಮರೆತೇಹೋಯಿತು.

ಅಕ್ಟೋಬರ್ 16, ಗುರುವಾರ

ವರ್ತನೆ ಮನೆ ಹದಿನೆಂಟು. ಗಿರಾಕಿ ಇಲ್ಲದೆ ಸುಮ್ಮನೆ ಕೂತಿದ್ದೆ. ಕೋಟೆ ಕಡೆಯ ಚಿಕ್ಕಹನುಮಕ್ಕ ಬಂದಳು. ಎಪ್ಪತ್ತು ದಾಟಿದ ಮುದುಕಿ, ಎರಡು ಮೊಳ ಕನಕಾಂಬರ ಕೇಳಿದಳು. ಕನಕಾಂಬರಕ್ಕೆ ಪರಿಮಳವಿಲ್ಲ, ಆದರೂ ದಕ್ಷಿಣದವರು ಶತಮಾನಗಳಿಂದ ಎಂದು ಶುರುಮಾಡುವಷ್ಟರಲ್ಲಿ ಕೆಮ್ಮು ಬಂತು. ಆ ಸಂದಿಯಲ್ಲಿ ಅವಳು ಮಾತಾಡಿದಳು.

“ನಮ್ಮ ಸೊಸೆಗೆ ಕನಕಾಂಬರ ಅಂದ್ರೆ ಪಿರೂತಿ ಕಣಪ್ಪ. ಮೊನ್ನೆ ಜಗಳ ಆಡವ್ಳೆ. ಅವ್ಳ ಮುಂದೆ ನಾನೇ ಮುಡ್ಕಂಡು ಓಡಾಡ್ತೀನಿ, ಉರ್ಕಳ್ಳಿ ಅಂತ. ಸಾಯಂಕಾಲ ಸುಮ್ಕೆ ಅರ್ಧ ಕಿತ್ತು ಅವ್ಳಿಗೆ ಕೊಟ್ಬುಡ್ತೀನಿ. ಅವ್ಳೂ ಅದ್ಕೇ ಕಾಯ್ತಿರ್ತಾಳೆ.”

ಟಿಪ್ಪಣಿ ಪುಸ್ತಕದಲ್ಲಿ ಕನಕಾಂಬರದ ಮುಂದೆ ಸೇರಿಸಿದೆ: ‘ಅರ್ಥ: ಸೊಸೆ ಉರಿದುಕೊಳ್ಳಲಿ, ಸಂಜೆಯ ನಂತರ, ರಾಜಿ.’ ಇದು ಕ್ಷೇತ್ರಾಧ್ಯಯನ. ಇನ್ನು ಮೇಲೆ ಬಂದವರನ್ನು ಒಂದೊಂದು ಪ್ರಶ್ನೆ ಕೇಳಿ ಸುಮ್ಮನಿರುವುದೆಂದುಕೊಂಡಿದ್ದೇನೆ, ಪುಸ್ತಕದ ದೃಷ್ಟಿಯಿಂದ.

ಅಕ್ಟೋಬರ್ 18, ಶನಿವಾರ

ಇವತ್ತಿನ ಕ್ಷೇತ್ರಾಧ್ಯಯನ: ಬ್ಯಾಂಕಿನ ಜವಾನ ದಿನಾ ಒಂದೇ ಒಂದು ಕೆಂಪು ಗುಲಾಬಿ ಒಯ್ಯುವುದು ಪ್ರೇಮಕ್ಕಲ್ಲ. ಅದನ್ನು ಮೇಜಿನ ಮೇಲಿಟ್ಟರೆ ಮ್ಯಾನೇಜರು ಮಧ್ಯಾಹ್ನದವರೆಗೆ ಬೈಯುವುದಿಲ್ಲವಂತೆ. ಗುಲಾಬಿ ಇರಾನಿನಿಂದ ಬಂದದ್ದೋ ಎಲ್ಲಿಂದಲೋ, ಅವನಿಗೆ ಮಧ್ಯಾಹ್ನದವರೆಗೆ ಬಾಡದಿದ್ದರೆ ಸಾಕು. ಬಿಟ್ಟುಹೋಗಿದ್ದ ಎರಡು ವರ್ತನೆ ಮನೆ ಕಾರಣವಿಲ್ಲದೆ ವಾಪಸು ಬಂದಿವೆ.

ಸಂಜೆ ಚಿಕ್ಕಹನುಮಯ್ಯ ಓಡೋಡಿ ಬಂದ. ಮೂರನೇ ವಾರವೂ ಹೂ ಬಿದ್ದಿಲ್ಲ. ಬೈಲಪ್ಪ ಊರು ಕೂಡಿಸಿ, ಇದಕ್ಕೆಲ್ಲ ಮಹಾಲಕ್ಷ್ಮಮ್ಮನೇ ಕಾರಣ ಎಂದಿದ್ದಾನೆ. ಗುಡ್ಡದ ಕೆಳಗೆ ದೇವರ ಮಾನ್ಯದ ಜಮೀನಿದೆ. ಅವಳು ಬದು ದಾಟಿ ಅದನ್ನು ಒತ್ತರಿಸಿ ಎರಡು ಸಾಲು ಸೇವಂತಿಗೆ ಹಾಕಿದ್ದಾಳಂತೆ, ಅದಕ್ಕೇ ಸ್ವಾಮಿ ಮುನಿದಿದ್ದಾನಂತೆ. ಬರುವ ಶನಿವಾರ ಊರವರೆಲ್ಲರ ಮುಂದೆ ಆ ಸಾಲು ಕಿತ್ತುಹಾಕಿ, ತಪ್ಪಾಯಿತೆಂದು ಅಡ್ಡಬಿದ್ದು, ಆಮೇಲೆ ಹೂ ಕೇಳಬೇಕಂತೆ.

“ಆ ಬದು ಅವ್ಳ ಗಂಡನ ಕಾಲ್ದಿಂದ ಅಲ್ಲೇ ಐತೆ ಮೇಷ್ಟ್ರೇ. ದ್ಯಾವ್ರೇ ಮಾತಾಡ್ದಿದ್ರೆ ನನ್ನ ಮಾತು ಯಾರ್ ಕೇಳ್ತಾರೆ?” ಎಂದ.

ಅಂಗಡಿಯನ್ನು ಹೊತ್ತಿಗೆ ಮುಂಚೆಯೇ ಮುಚ್ಚಿ ಮನೆಗೆ ಬಂದೆ. ಯಾಕೆಂದು ಗೊತ್ತಾಗಲಿಲ್ಲ.

ಅಕ್ಟೋಬರ್ 19, ಭಾನುವಾರ

ಗೊತ್ತಾಯಿತು.

ಫೋನಿನಲ್ಲಿ ಹಮೀದಾಗೆ ಎಲ್ಲ ಹೇಳಿದೆ. “ಇರುವೆ ಯಾಕೆ ಬರುತ್ತೆ?” ಎಂದಳು. ಮಳೆ ಎಂದೆ. “ಮಳೆಗೆ ಹೂವಲ್ಲಿ ಇರುವೆ ಬರಲ್ಲ ಜೀ. ನೀವು ಹೂವಿಗೆ ಏನು ಹಾಕಿದಿರಿ, ನಿಜ ಹೇಳಿ.” ಸಕ್ಕರೆ ಎಂದೆ. ಅವಳು ನಕ್ಕ ಸದ್ದಿಗೆ ಆ ಕಡೆ ಮಗು ಎದ್ದು ಅಳತೊಡಗಿತು.

ಮೂರು ವಾರದಿಂದ ನಾನು ಹನುಮಪ್ಪನ ಭುಜಕ್ಕೆ ಪಾಕ ಹಚ್ಚಿದ್ದೇನೆ. ನೀರು ಆರಿದರೆ ಹೂ ಬೀಳುತ್ತದೆ, ಪಾಕ ಆರಿದರೆ ಇನ್ನೂ ಗಟ್ಟಿಯಾಗುತ್ತದೆ. ಇಷ್ಟು ತಿಳಿಯಲು ಜೀವಶಾಸ್ತ್ರ ಬೇಕಿರಲಿಲ್ಲ, ಒಂದು ಸಲ ಜಿಲೇಬಿ ಮಾಡಿದ್ದರೆ ಸಾಕಿತ್ತು. ನನ್ನಿಂದಾಗಿ ಒಬ್ಬ ಹೆಂಗಸು ತಾನು ಬೆಳೆಸಿದ ಗಿಡವನ್ನು ತಾನೇ ಕೀಳಬೇಕಾಗಿದೆ. ನಾಚಿಕೆಯಿಂದ ಊಟ ಸೇರಲಿಲ್ಲ. ಶನಿವಾರ ಹೋಗಿ ಊರ ಮುಂದೆ ಒಪ್ಪಿಕೊಳ್ಳುತ್ತೇನೆ. ಸಕ್ಕರೆಯಿಲ್ಲದ ಹೂ ಕೊಡುತ್ತೇನೆ, ಹೂ ಬೀಳುತ್ತದೆ, ಯಶೋಧರಾಳ ಮದುವೆಯೂ ನಿಶ್ಚಯವಾಗುತ್ತದೆ.

ಅಕ್ಟೋಬರ್ 21, ಮಂಗಳವಾರ

ದೀಪಾವಳಿಯ ಗದ್ದಲದ ನಡುವೆ ಯಶೋಧರಾಗೆ ಈ ಒಳ್ಳೆಯ ಸುದ್ದಿ ಹೇಳಿದೆ. ಅವಳು ಹೂವಿನ ಮೂಟೆಯ ಮೇಲೆ ಕುಸಿದು ಕೂತಳು.

“ಬೇಕೂ ಅಂತಲೇ ಸಕ್ಕರೆ ಹಾಕಿ ಅಂದಿದ್ದು ಸಾರ್,” ಎಂದಳು.

ಅಳೆಯುತ್ತಿದ್ದ ಹೂವನ್ನು ಪಕ್ಕಕ್ಕಿಟ್ಟೆ. ಅವಳೇ ಮುಂದುವರಿಸಿದಳು. “ಅಂಬರೀಶ್ ಕೆಟ್ಟೋರಲ್ಲ ಸಾರ್. ಆದ್ರೆ ಅವರಮ್ಮಂಗೆ ಸೊಸೆ ಈ ವರ್ಷವೇ ಬೇಕು, ನಂಗೆ ಕಾಲೇಜು ಈ ವರ್ಷವೇ ಬೇಕು. ಸೋಮವಾರ ಪಟ್ಟಿ ಬರುತ್ತೆ. ಈ ಶನಿವಾರವೂ ಆಗ್ದಿದ್ರೆ ಹೊಸಕೋಟೆ ಕಡೆ ಬೇರೆ ಹುಡುಗಿ ನೋಡ್ತೀವಿ ಅಂದಿದ್ದಾರೆ. ಅದೊಂದು ದಿನ ದಾಟಿದ್ರೆ ಸಾಕು ಅಂತಿದ್ದೆ. ಅಮ್ಮನ ತಲೆಗೆ ಬರುತ್ತೆ ಅಂತ ಗೊತ್ತಿರ್ಲಿಲ್ಲ ಸಾರ್.”

ಅಮ್ಮನಿಗೆ ನೇರವಾಗಿ ಹೇಳಬಾರದಿತ್ತೇ ಎಂದೆ.

“ಅಪ್ಪ ಹೋದಾಗಿಂದ ಅಮ್ಮ ಎಲ್ಲಾನೂ ಹನುಮಪ್ಪನ್ನೇ ಕೇಳೋದು. ಮಧ್ಯ ನಾನ್ಯಾರು ಸಾರ್?”

ಮೊದಲು ಬಂದದ್ದು ಕೋಪ. ಅದರ ಬೆನ್ನಿಗೆ ಬಂದದ್ದು ಹೆಮ್ಮೆ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಪಾಠವನ್ನು ಇಷ್ಟು ಚೆನ್ನಾಗಿ ಬಳಸಿಕೊಂಡವರು ಇನ್ನೊಬ್ಬರಿಲ್ಲ. ಅವಳು ಆ ಮೊದಲ ದಿನವೇ ಎಂಎಸ್ಸಿ ಎಂದಿದ್ದಳು, ನಾನು ಶುಭವಾಗಲಿ ಎಂದುಬಿಟ್ಟಿದ್ದೆ.

ಅಕ್ಟೋಬರ್ 24, ಶುಕ್ರವಾರ

ಮೂರು ದಿನದಿಂದ ಇದೇ ಚಿಂತೆ. ಸುಮ್ಮನಿದ್ದರೆ ತಾಯಿಯ ಮರ್ಯಾದೆ ಹೋಗುತ್ತದೆ. ಸತ್ಯ ಹೇಳಿ ಒಳ್ಳೆಯ ಹೂ ಕೊಟ್ಟರೆ ಬಲಕ್ಕೆ ಬಿದ್ದೀತು, ಮಗಳ ಓದು ಹೋಗುತ್ತದೆ. ಸತ್ಯ ಹೇಳಬೇಕು, ಹೂ ಮಾತ್ರ ಬೀಳಬಾರದು.

ನನ್ನ ಬಳಿ ಒಂದೇ ಆಯುಧವಿದೆ. ಇರುವೆಗೆ ಹೋದ ನಾಲ್ಕು ಬಿಟ್ಟರೂ ಅದಕ್ಕೆ ಈ ತಿಂಗಳು ಹತ್ತು ವರ್ತನೆ ಮನೆ ಬಲಿಯಾಗಿದ್ದವು. ಒಬ್ಬರೂ ಅದನ್ನು ತಡೆದುಕೊಂಡದ್ದಿಲ್ಲ.

ಚಿಕ್ಕಹನುಮಯ್ಯನಿಗೆ ಫೋನು ಮಾಡಿ, ಪುಟ್ಟಿ ಇವತ್ತು ಕಳಿಸುವುದಿಲ್ಲ, ನಾಳೆ ನಾನೇ ತರುತ್ತೇನೆ, ಹತ್ತೂವರೆಗೆ ಅಲ್ಲಿಗೆ ತಲುಪುವ ಬಸ್ಸಿಗೆ ಎಂದು ತಿಳಿಸಿದೆ. ಟಿಪ್ಪಣಿ ಹನ್ನೊಂದು ಪುಟವಾಗಿದೆ.

ಅಕ್ಟೋಬರ್ 25, ಶನಿವಾರ

ಎಲ್ಲವನ್ನೂ ಬರೆದುಬಿಡುತ್ತೇನೆ.

ನಾನು ಹೋದಾಗ ಗುಡಿಯ ಮುಂದೆ ಊರೆಲ್ಲ ಕೂತಿತ್ತು. ಬೈಲಪ್ಪನ ಪಕ್ಕದಲ್ಲಿ ಗುದ್ದಲಿ. ಮಹಾಲಕ್ಷ್ಮಮ್ಮ ಸೆರಗು ಬಾಯಿಗಿಟ್ಟುಕೊಂಡು ಕಂಬಕ್ಕೆ ಒರಗಿದ್ದಳು, ಯಶೋಧರಾ ಅವಳ ಹಿಂದೆ. ಅಂಬರೀಶ್ ತನ್ನ ಅಮ್ಮನ ಜೊತೆ ಪಾವಗಡದಿಂದ ಬಂದಿದ್ದ. ನಾನು ಜಗಲಿಯ ಮೇಲೆ ಕೂತು ಹೂವಿನ ಪುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡೆ.

“ಪುಟ್ಟಿ ಇತ್ಲಾಗೆ ಕೊಡಿ ಮೇಷ್ಟ್ರೇ,” ಎಂದ ಬೈಲಪ್ಪ.

“ಕೊಡುತ್ತೇನೆ. ಮೊದಲು ಒಂದು ಸತ್ಯ ಕೇಳಿ. ಸ್ವಾಮಿ ಹೂ ಕೊಡದಿದ್ದುದಕ್ಕೆ ಮಹಾಲಕ್ಷ್ಮಮ್ಮ ಕಾರಣ ಅಲ್ಲ. ಕಾರಣ ನಾನು.”

ಗುಜುಗುಜು ಎದ್ದಿತು. ಹೆಂಗೆ, ಏನು ಮಾಡಿದ್ರಿ ಎಂದು ಹತ್ತು ಕಡೆಯಿಂದ ಕೂಗಿದರು. “ಹೇಳುತ್ತೇನೆ. ಆದರೆ ಅದು ತಿಳಿಯಬೇಕಾದರೆ ಹೂವಿನ ಚರಿತ್ರೆ ಸ್ವಲ್ಪ ಗೊತ್ತಿರಬೇಕು,” ಎಂದು ಮೊದಲ ಪುಟ ತೆಗೆದೆ.

ಚೀನಾದಿಂದ ಶುರುಮಾಡಿದೆ. ಸೇವಂತಿಗೆ ಜಪಾನಿಗೆ ಹೋದದ್ದು, ಗುಲಾಬಿ ಇರಾನಿನಲ್ಲಿ ಅತ್ತರಾದದ್ದು, ಕೇದಿಗೆ ಸುಳ್ಳು ಸಾಕ್ಷಿ ಹೇಳಿ ಶಿವನ ಪೂಜೆಗೆ ಎರವಾದದ್ದು ಎಲ್ಲ ಆಯಿತು. ಎದ್ದು ಹೋಗುವಂತಿಲ್ಲ, ಯಾಕೆಂದರೆ ನನ್ನ ತಪ್ಪು ಇನ್ನೂ ಹೊರಬಂದಿರಲಿಲ್ಲ. ಹನ್ನೊಂದೂಕಾಲಿಗೆ ಇಬ್ಬರು ಮುದುಕರು ಗೊರಕೆ ಹೊಡೆದರು.

“ಮೇಷ್ಟ್ರೇ, ನಿಮ್ಮ ತಪ್ಪು ಎಲ್ಲಿ ಬತ್ತದೆ?” ಎಂದ ಬೈಲಪ್ಪ.

“ಬರುತ್ತೆ. ಈಗ ಪೋರ್ಚುಗೀಸರು ಗೋವಾದಲ್ಲಿ ಇಳಿಯುತ್ತಿದ್ದಾರೆ.”

ಅಂಬರೀಶನ ಅಮ್ಮ ತಲೆ ಮೇಲೆ ಕೈಹೊತ್ತು ತೆಲುಗು ಬೆರೆಸಿ ಕೇಳಿದಳು. “ಅಯ್ಯೋ ದೇವುಡಾ, ಇದು ಎಪ್ಪುಡು ಮುಗಿಯುತ್ತೆ ಸಾರ್?” ಅಂಬರೀಶ್ ಮಾತ್ರ, ಒಂದು ಟುಲಿಪ್ ಗೆಡ್ಡೆಗೆ ಹಾಲೆಂಡಿನಲ್ಲಿ ಮನೆ ಮಾರಿದರು ಎಂದಾಗ ಮುಂದೆ ಸರಿದು ಕೂತ. “ಆಮೇಲೆ ಏನಾಯ್ತು ಸಾರ್?” ಎಂದು ಎರಡು ಸಲ ಕೇಳಿದ. ಒಳ್ಳೆಯ ಹುಡುಗ. ನನ್ನ ವಿದ್ಯಾರ್ಥಿಯಾಗಬೇಕಿತ್ತು.

ಚಿಕ್ಕಹನುಮಯ್ಯ ಬಿಸಿಲು ನೋಡಿದ, ನನ್ನನ್ನು ನೋಡಿದ, ತೊಡೆಯ ಮೇಲಿನ ಪುಟ್ಟಿ ನೋಡಿದ. ಆಮೇಲೆ ಒಳಗೆ ಹೋಗಿ ಆರತಿಯ ಬತ್ತಿ ಹೊಸೆಯತೊಡಗಿದ. ಹನ್ನೊಂದನೇ ಪುಟ ಮುಗಿಯುವಾಗ ಗಂಟಲು ಕಟ್ಟಿತ್ತು. “ಹೀಗಾಗಿ, ಹೂ ಬಾಡಬಾರದೆಂದು ನಾನು ಅದಕ್ಕೆ ಸಕ್ಕರೆ ನೀರು ಹಾಕಿದೆ. ಅದು ಅಂಟಿಕೊಂಡಿತು,” ಎಂದೆ. ಅದೇ ಹೊತ್ತಿಗೆ ಮಂಗಳಾರತಿಯ ಗಂಟೆ ಬಾರಿಸಿತು.

ಆರತಿ ಮುಗಿಯಿತು. ಆಮೇಲೆ ಬೈಲಪ್ಪ, “ಅಂದ್ರೆ ಮೂರು ವಾರ ಸ್ವಾಮಿನ ಪಾಕದಾಗೆ ಅದ್ದಿದ್ರಾ?” ಎಂದು ಎದ್ದುನಿಂತ. ಚಿಕ್ಕಹನುಮಯ್ಯ ಹಳೆಯ ಹೂವೊಂದನ್ನು ತಂದು ನಾಲಿಗೆಗೆ ಮುಟ್ಟಿಸಿ, “ಸೀ ಐತೆ ಕಣ್ಲಾ!” ಎಂದ. ಬೈಲಪ್ಪನೂ ಒಂದೆಸಳು ನೆಕ್ಕಿದ. ಒಬ್ಬರಾದ ಮೇಲೊಬ್ಬರು ನೆಕ್ಕಿದರು. ಯಾರೋ ಕಿಸಕ್ಕೆಂದರು, ಊರೆಲ್ಲ ನಕ್ಕಿತು. ಬೈಲಪ್ಪ ಗುದ್ದಲಿಯನ್ನು ಕಾಲಿನಿಂದ ಜಗಲಿಯ ಕೆಳಕ್ಕೆ ತಳ್ಳಿದ. ಬರುವ ವಾರ ನೋಡೋಣ ಎಂದು ಊರವರು ಹೇಳಿದರೂ ಕೇಳದೆ ಅಂಬರೀಶನ ಅಮ್ಮ ಸೆರಗು ಕೊಡವಿಕೊಂಡು ಹೊರಟಳು. ಅವನು ತಿರುಗಿ ತಿರುಗಿ ನೋಡುತ್ತ ಹೋದ.

ಜನ ಕರಗಿದ ಮೇಲೆ ಮಹಾಲಕ್ಷ್ಮಮ್ಮ ನನ್ನ ಹತ್ತಿರ ಬಂದಳು. ಬೈಯುತ್ತಾಳೆಂದು ಕಾದೆ.

“ಸಕ್ಕರೆ ಹಾಕು ಅಂತ ನಿಮ್ಗೆ ಹೇಳಿದ್ದು ಯಾರು ಸಾರ್?”

ನಾನು ಪುಟ್ಟಿಯ ಒಳಗೆ ನೋಡಿದೆ.

“ನಾನೇ ಕಣವ್ವಾ,” ಎಂದಳು ಯಶೋಧರಾ.

ಮಹಾಲಕ್ಷ್ಮಮ್ಮ ಮಗಳನ್ನೇ ದಿಟ್ಟಿಸಿದಳು. “ದ್ಯಾವ್ರ ಬಾಯಿ ಕಟ್ಟೋ ಬದ್ಲು ನಂಗೊಂದು ಮಾತು ಅನ್ನಕ್ಕೆ ಏನಾಗಿತ್ತೇ ನಿಂಗೆ?”

“ನೀನು ಕೇಳಿದ್ದು ದೇವ್ರನ್ನ ಅಲ್ವೇನವ್ವಾ. ನನ್ನ ಯಾವತ್ತು ಕೇಳ್ದೆ?”

ಮಹಾಲಕ್ಷ್ಮಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಬಿಸಿಲಿಗೆ ಕಲ್ಲು ಕಾದಿತ್ತು, ಅವಳಿಗೆ ಅದರ ಪರಿವೆಯಿರಲಿಲ್ಲ. ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿ, “ಬಾ ಇಲ್ಲಿ. ಈಗ ಕೇಳ್ತಿವ್ನಿ. ನಿಂಗೇನವ್ವಾ ಬೇಕು?” ಎಂದಳು.

ಹುಡುಗಿ ಅಮ್ಮನ ಪಕ್ಕ ಕೂತು ಹೇಳಿದಳು. ಎರಡು ವರ್ಷ ಎಂದಳು, ತುಮಕೂರು ಎಂದಳು, ಅಳುತ್ತ ಅದೇನೋ ಗಿಡದ ಹೆಸರನ್ನೂ ಹೇಳಿದಳು. ನನಗೂ ಕಣ್ಣು ತುಂಬಿ ಬಂತು. ಅವರಿಬ್ಬರನ್ನೂ ಬಿಟ್ಟು ಬಸ್ಸಿಗೆ ನಡೆದೆ.

ಮನೆಗೆ ಬಂದವನೇ ಹಮೀದಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು ನಡುನಡುವೆ ನಗುತ್ತಿದ್ದಳು. ಇದಕ್ಕೆ ಹೋಲಿಸಿದರೆ ನಮ್ಮ ಪದ್ಧತಿಯೇ ಮೇಲು ಎಂದೆ. “ನಿಕಾಹ್ ದಿವಸ ಹುಡುಗಿಯನ್ನೇ ಕೇಳುತ್ತಾರೆ. ನಿನ್ನನ್ನು ಮೂರು ಸಲ ಕೇಳಲಿಲ್ಲವೇ?”

“ಕೇಳಿದರು ಜೀ, ಮೂರು ಸಲ. ಹ್ಞೂಂ ಅನ್ನೋದು ಬಿಟ್ಟು ಇನ್ನೊಂದು ಉತ್ತರ ಇದೆ ಅಂತ ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.”

ನಾನು ಗೋಡೆಗೆ ಒರಗಿ ನಿಂತೆ. ಆಮೇಲೆ ಕೇಳಿದೆ: “ಗೊತ್ತಿದ್ದಿದ್ದರೆ ಏನು ಹೇಳುತ್ತಿದ್ದೆ?”

ಫೋನಿನಲ್ಲಿ ಮಗುವಿನ ಉಸಿರು ಕೇಳುತ್ತಿತ್ತು, ಅವಳದು ಕೇಳಲಿಲ್ಲ.

“ಮೂವತ್ತಾರು ವರ್ಷಕ್ಕೆ ಕೇಳಿದ್ದೀರಿ,” ಎಂದಳು ಕೊನೆಗೆ. “ಸ್ವಲ್ಪ ಕಾಯಿರಿ. ಬಂದು ಹೇಳ್ತೀನಿ.”

ಅವಳು ಬರುವುದು ಗುರುವಾರ. ಇವತ್ತಿನ್ನೂ ಶನಿವಾರ.